ಸಾರಥಿಯ ಹೆಸರು

ಕಿರೀಟ ಇಟ್ಟರೆ ಸುಳ್ಳಾಗುತ್ತದೆ, ಇಡದಿದ್ದರೆ ಆಟವೇ ಆಗುವುದಿಲ್ಲ. ಬಿಳಿ ಅಂಗಿ, ಬಿಳಿ ಪಂಚೆ, ಜೇಬಿನಲ್ಲೊಂದು ಪೆನ್ನು, ಕೈಯಲ್ಲಿ ಮೊಬೈಲು. ಇಂಥವನೊಬ್ಬ ಮದ್ದಳೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ರಂಗಕ್ಕೆ ಬಂದರೆ ಜನ ನಗುತ್ತಾರೆ. ನಗು ಬರುವುದು ಅಂಗಿಗೋ, ಅಂಗಿ ತೊಟ್ಟವನಿಗೋ? ಸತ್ತು ಇನ್ನೂ ವರ್ಷ ತುಂಬದ ಮನುಷ್ಯ, ಊರೂರಲ್ಲೂ ಜನ ಕಣ್ಣಾರೆ ಕಂಡ ಮನುಷ್ಯ ಬಯಲಾಟದ ನಾಯಕನಾಗಬಲ್ಲನೇ? ಆಗಲಾರ ಅಂದರೆ ಆ ಕೊರತೆ ಅವನದೋ, ಆಟದ್ದೋ, ಬರೆಯಲು ಕೂತ ತನ್ನದೋ?

ಹೊಸದುರ್ಗದಿಂದ ಬಾಗೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಓಬಳೇಶನಿಗೆ ಇದು ಬಗೆಹರಿಯಲಿಲ್ಲ. ಅವನು ಹೊಸದುರ್ಗದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಅತಿಥಿ ಉಪನ್ಯಾಸಕ. ಎಂ.ಎ. ಮುಗಿಸಿ ಬಹಳ ವರ್ಷವಾಗಿತ್ತು. ಮಾತು ಕಡಿಮೆ. ತರಗತಿಯಲ್ಲಿ ಪದ್ಯ ಓದುತ್ತ ಓದುತ್ತ ನಡುವೆ ಸುಮ್ಮನಾಗಿಬಿಡುತ್ತಿದ್ದ. ಹುಡುಗರು ಮೊದಮೊದಲು ನಗುತ್ತಿದ್ದರು, ಆಮೇಲೆ ಅವರಿಗೂ ಅದು ರೂಢಿಯಾಗಿತ್ತು. ಬಾಗೂರಿನ ಬಯಲಾಟದ ಮೇಳಕ್ಕೆ ಆಗಾಗ ಒಂದೊಂದು ಪದ ಹೊಸೆದುಕೊಡುತ್ತಿದ್ದವನಿಗೆ ಈಗ ಇಡೀ ಆಟವೇ ಗಂಟುಬಿದ್ದಿತ್ತು. ಮಾಜಿ ಸಚಿವ ನಾಗಣ್ಣನವರ ವರ್ಷದ ಪುಣ್ಯತಿಥಿಗೆ ಅವರ ಮೇಲೆಯೇ ಒಂದು ಆಟ ಕಟ್ಟಿ ಆಡಬೇಕು. ಹಟ ಹಿಡಿದಿದ್ದವನು ಬೇರೆ ಯಾರೂ ಅಲ್ಲ, ಓಬಳೇಶನ ಸ್ವಂತ ಅಣ್ಣ ದುರುಗೇಶ.

ದುರುಗೇಶ ನಾಗಣ್ಣನವರ ಮೈಕಿನವನು. ಚುನಾವಣೆ ಬಂತೆಂದರೆ ಆಟೋದ ತಲೆಗೆ ಎರಡು ಹಾರ್ನು ಕಟ್ಟಿಕೊಂಡು ಅವರ ಕಾರಿಗಿಂತ ಎರಡು ಊರು ಮುಂದೆ ಹೋಗುತ್ತಿದ್ದ. "ಇದೀಗ ತಮ್ಮ ಮುಂದೆ ದಯಮಾಡಿಸುತ್ತಿದ್ದಾರೆ" ಎಂದು ಅವನು ಎಳೆದು ಹೇಳಿದರೆ ಹಿರಿಯೂರಿನ ಸಂತೆಯಲ್ಲೂ ಜನ ತಕ್ಕಡಿ ಕೆಳಗಿಟ್ಟು ತಿರುಗುತ್ತಿದ್ದರು. ಚುನಾವಣೆ ಇಲ್ಲದ ದಿನಗಳಲ್ಲಿ ಮೇಳದ ಸಾರಥಿ. ಎರಡೂ ಕೆಲಸ ಒಂದೇ ಎಂದು ಅವನೇ ನಗುತ್ತಿದ್ದ. ಬರುವವರು ಯಾರು ಎಂದು ಮೊದಲೇ ಸಾರಿ, ಬಂದಮೇಲೆ ಪಕ್ಕಕ್ಕೆ ಸರಿದು ನಿಲ್ಲುವುದು.

ಆ ಗಂಟಲು ಈಗ ಹೋಗಿತ್ತು. ಮೂರು ವರ್ಷದ ಕೆಳಗೆ ಗಂಟು ಕಾಣಿಸಿಕೊಂಡು, ದಾವಣಗೆರೆಯ ಆಸ್ಪತ್ರೆಯಲ್ಲಿ ಕೊಯ್ದು ತೆಗೆದಿದ್ದರು. ಉಳಿದದ್ದು ಒಣಗಿದ ಸೋಗೆ ಎಳೆದಂಥ ದನಿ. ಈ ಬೇಸಿಗೆಯಲ್ಲಿ ಗಂಟು ಮತ್ತೆ ಎದ್ದಿತ್ತು. ಇನ್ನೊಂದು ಸಲ ಕೊಯ್ದರೆ ಮಾತೇ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ದುರುಗೇಶ ತಲೆಯಾಡಿಸಿ, ಆಟ ಮುಗಿಯಲಿ, ಬರ್ತೀನಿ ಅಂದಿದ್ದ. ಸಾರಥಿಯಾಗಿ ಕೊನೆಯ ಸಲ ನಿಲ್ಲಬೇಕು. ಅದೂ ನಾಗಣ್ಣನವರ ಎದುರಿಗೆ.

ಬಸ್ಸು ಇಳಿದು ಓಬಳೇಶ ನೆಟ್ಟಗೆ ಭಾಗವತ ಈರಬಸಪ್ಪನವರ ಕುರಿಹಟ್ಟಿಗೆ ನಡೆದ. ತಾಲೀಮು ನಡೆಯುತ್ತಿದ್ದುದು ಅಲ್ಲಿಯೇ, ದೊಡ್ಡಿಯ ಪಕ್ಕದ ಗಟ್ಟಿ ನೆಲದ ಮೇಲೆ. ಮುದುಕರು ಸಂಜೆ ಕುರಿ ಕೂಡಿ, ಕೈಕಾಲು ತೊಳೆದು, ಕಂಬಳಿಯ ಮೇಲೆ ತಾಳ ಹಿಡಿದು ಕೂರುತ್ತಿದ್ದರು. ಮೇಳದ ಎಲ್ಲರಿಗೂ ಆಟ ಕಲಿಸಿದವರು ಅವರೇ. ಈ ಆಟ ಅವರಿಗೆ ಹಿಡಿಸಿರಲಿಲ್ಲ.

"ಬಾರಪ್ಪ ಲೆಕ್ಚರ್ರು. ಬರ್ಕಂಡ್ ಬಂದ್ಯಾ ನಿಮ್ಮ ಬಸ್‌ಸ್ಟ್ಯಾಂಡ್ ಪುರಾಣ?"

ಓಬಳೇಶ ಕಂಬಳಿಯ ತುದಿಯಲ್ಲಿ ಕೂತು ಹೊಸ ಪದ ಓದಿದ:

"ಬಂದನು ನಾಗಣ್ಣ ಭೂಪಾಲ, ಬಸ್‌ಸ್ಟ್ಯಾಂಡು ಕಟ್ಟಿಸಿದ ಗುಣಶೀಲ..."

ಮದ್ದಳೆಯವನು ಪಕ್ಕಕ್ಕೆ ತಿರುಗಿ ಕೆಮ್ಮಿದ. ಕೆಮ್ಮು ನಗುವಾಯಿತು. ಈರಬಸಪ್ಪ ನಗಲಿಲ್ಲ.

"ನಿನ್ನ ತಪ್ಪಲ್ಲ ಬಿಡಪ್ಪ" ಎಂದರು. "ಪದ ಎತ್ತಾಕೆ ಎತ್ತರ ಬೇಕು. ಕೌರವ ಕೆಟ್ಟೋನು. ಆದ್ರೂ ನಾನು ಅವನ್ನ ಹಾಡಿದ್ರೆ ಮೈ ಜುಂ ಅಂತೈತೆ. ಇವ್ರು ಅಂಥಾ ಕೆಟ್ಟೋರೂ ಅಲ್ಲ. ಎರಡು ಪಕ್ಷ ಬದಲಾಯಿಸಿದ್ರು, ಒಂದು ಬಸ್‌ಸ್ಟ್ಯಾಂಡ್ ಕಟ್ಸಿದ್ರು, ಸತ್ರು. ಇದ್ರಾಗೆ ಭಾಗವತ ಎಲ್ಲಿ ದನಿ ಏರಿಸ್ಬೇಕು, ಹೇಳು?"

"ಆಸ್ಪತ್ರೆ ಸಂಧೀಲಿ ಏರ್ಸು ಅಜ್ಜ" ಎಂದಿತು ಹಿಂದಿನಿಂದ ಒಣದನಿ. ದುರುಗೇಶ ಕುತ್ತಿಗೆಗೆ ಟವೆಲು ಸುತ್ತಿಕೊಂಡು ದೊಡ್ಡಿಯ ಬೇಲಿಗೆ ಒರಗಿ ನಿಂತಿದ್ದ. "ರಾಮನ್ನ ಕಂಡೋರು ಯಾರವ್ರೆ ನಮ್ಮಾಗೆ? ಸಾಹೇಬ್ರನ್ನ ನಾನು ಕಂಡೀನಿ. ಕಂಡೋನು ಇರೋವಾಗ್ಲೇ ಹಾಡ್ಬೇಕು. ನಾನು ಹೋದ ಮ್ಯಾಲೆ ಯಾರಿಗೆ ಗೊತ್ತಾಗ್ತೈತೆ?"

"ಕಂಡೋರು ಎದುರಿಗೆ ಕುಂತ್ರೆ ಪದ ಮ್ಯಾಲೆ ಏಳಲ್ಲ ಕಣ್ಲಾ. ಅದಕ್ಕೇ ಹೇಳಾದು."

"ಏಳ್ತೈತೆ. ಓಬಳಿ ಬರೀತಾನೆ" ಎಂದ ದುರುಗೇಶ. ಓಬಳೇಶ ತನ್ನ ಕೈಯಲ್ಲಿದ್ದ ಹಾಳೆಯನ್ನು ನೋಡುತ್ತ ಕೂತ.

ಆಸ್ಪತ್ರೆಯ ಸಂಧಿಯೆಂದರೆ ಇದು. ದುರುಗೇಶನಿಗೆ ಮೊದಲ ಸಲ ಗಂಟು ಬಂದಾಗ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಅಣ್ಣ ತಮ್ಮ ಇಬ್ಬರೂ ಹೊರಗಿನ ಮರದ ಕೆಳಗೆ ಎರಡು ದಿನ ಕೂತಿದ್ದರು. ಮೂರನೆಯ ದಿನ ಓಬಳೇಶ ಬಸ್ಸು ಹತ್ತಿ ನಾಗಣ್ಣನವರನ್ನು ಕಂಡು ಬಂದ. ಅವರು ಒಂದು ಫೋನು ಮಾಡಿದರು. ಸಂಜೆಗೆ ಹಾಸಿಗೆ ಸಿಕ್ಕಿತು. "ನನ್ನ ದುರುಗೇಶನ್ನ ಉಳಿಸಿಕೊಡಿ" ಎಂದು ಸಾಹೇಬರು ಡಾಕ್ಟರಿಗೆ ಹೇಳಿದರಂತೆ. ಈ ಮಾತನ್ನು ದುರುಗೇಶ ಬಾಗೂರಿನಲ್ಲಿ ಹೇಳದ ಮನೆಯಿಲ್ಲ. ಗಂಟಲು ಹೋದಮೇಲೂ, ಹೋಟೆಲಿನ ಬೆಂಚಿನ ಮೇಲೆ ಕೂತು, ಕೇಳುವವರು ಕಿವಿ ಹತ್ತಿರ ತರಬೇಕಾಗುವಷ್ಟು ಸಣ್ಣ ದನಿಯಲ್ಲಿ ಹೇಳುತ್ತಿದ್ದ. ಹೇಳಿ ಮುಗಿಸಿ ಸುತ್ತ ನೋಡುತ್ತಿದ್ದ. ಜೀವಮಾನವೆಲ್ಲ ಇನ್ನೊಬ್ಬರ ಹೆಸರು ಕೂಗಿದವನಿಗೆ ಸಿಕ್ಕಿದ ಉಂಬಳಿ ಅದೊಂದೇ.

ಆ ಮಾತು ನಾಗಣ್ಣನವರದಲ್ಲ. ಅದು ಓಬಳೇಶನದು.

ಆ ದಿನ ನಾಗಣ್ಣನವರು ಚಿತ್ರದುರ್ಗದ ತಮ್ಮ ಮನೆಯ ವರಾಂಡದಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಓಬಳೇಶ ಹೇಳುವುದನ್ನೆಲ್ಲ ಹೇಳಿದ. ಅವರು ಹೂಂಗುಟ್ಟಿ, ಫೋನು ಹಚ್ಚಿ, "ನಮ್ಮ ಹುಡುಗ ಒಬ್ಬ ಬಂದಿದಾನೆ, ಒಂದು ಬೆಡ್ ನೋಡಿ" ಎಂದರು. ಆಮೇಲೆ ಫೋನಿಗೆ ಕೈ ಅಡ್ಡ ಇಟ್ಟು ಓಬಳೇಶನ ಕಡೆ ತಿರುಗಿ, "ಹೆಸರೇನಂದಿ?" ಎಂದರು. ದುರುಗೇಶ ಎಂದ. "ಯಾವ ದುರುಗೇಶ?" ಮೈಕಿನ ದುರುಗೇಶ ಸಾರ್, ಬಾಗೂರು. "ಮೈಕಿನ ಹುಡುಗನಾ? ಅವನ ಹೆಸರು ದುರುಗೇಶಾನಾ?" ಅವರ ಮುಖದಲ್ಲಿ ಕೇಡಿರಲಿಲ್ಲ. ಹೊಸದೇನೋ ತಿಳಿದವರಂತೆ ಹುಬ್ಬು ಮೇಲೆ ಹೋಗಿತ್ತು, ಅಷ್ಟೆ. ಹೆಸರು ಹೇಳಿ ಫೋನು ಇಟ್ಟರು. ಕಾಫಿ ಕುಡಿದು ಹೋಗು ಎಂದರು. ಓಬಳೇಶ ಕುಡಿದು ಬಂದ.

ಆಸ್ಪತ್ರೆಯ ಓಣಿಯಲ್ಲಿ, ಗಾಲಿಯ ಮಂಚದ ಮೇಲೆ ಮಲಗಿದ್ದ ಅಣ್ಣ ಅವನ ಕೈ ಹಿಡಿದು, "ಸಾಹೇಬ್ರು ಏನಂದ್ರಲೇ?" ಎಂದು ಕೇಳಿದ. ಆಗ ಓಬಳೇಶನ ಬಾಯಿಂದ ತಾನಾಗಿ ಬಂದ ಮಾತು ಅದು. ಯೋಚಿಸಿ ಕಟ್ಟಿದ್ದಲ್ಲ. ಅವನು ಬರೆದ ಯಾವ ಪದವೂ ಅಷ್ಟು ಸಲೀಸಾಗಿ ಬಂದಿರಲಿಲ್ಲ.

ಈಗ ಆ ಮಾತು ಕಿರೀಟ ಹೊತ್ತು ರಂಗಕ್ಕೆ ಬರಬೇಕಾಗಿತ್ತು.

ಬಯಲಾಟದಲ್ಲಿ ಯಾವ ಪಾತ್ರವೂ ಸುಮ್ಮನೆ ಬಂದು ನಿಲ್ಲುವಂತಿಲ್ಲ. ಕುಣಿದು ಬಂದವನನ್ನು ಸಾರಥಿ ಅಡ್ಡಗಟ್ಟಿ ಯಾರೆಂದು ಕೇಳಬೇಕು: ತಾವು ದಾರು, ತಮ್ಮ ನಾಮಾಂಕಿತವೇನು? ಬಂದವನು ರಾಜನಾದರೆ ಕೂಡಲೇ ಹೇಳುವುದಿಲ್ಲ. ಮೀಸೆ ತಿರುವಿ, "ಭಲಾ, ಹೀಗೆ ಕೇಳುವಂಥ ನೀನು ದಾರು?" ಎಂದು ಗದರಬೇಕು. ಸಾರಥಿ ಕೈಮುಗಿದು, "ನಾನು ಈ ಸಭೆಯ ಸಾರಥಿ, ಸ್ವಾಮೀ" ಎನ್ನಬೇಕು. ಆಮೇಲೆಯೇ ರಾಜ ತನ್ನ ಹೆಸರು, ವಂಶ, ಪರಾಕ್ರಮಗಳನ್ನು ಹೇಳಿಕೊಳ್ಳುವುದು. ಆಟ ಯಾವುದಾದರೂ ಆಗಲಿ, ಇದು ತಪ್ಪುವುದಿಲ್ಲ. ಸಾರಥಿಗೆ ಹೆಸರಿಲ್ಲ. ಯಾರೂ ಕೇಳಿದ್ದೂ ಇಲ್ಲ.

ದುರುಗೇಶ ಇದನ್ನು ಬದಲಿಸಬೇಕೆಂದ.

"ನಂಗೆ ಒಂದೇ ಒಂದು ಮಾತು ಬೇಕು ಓಬಳಿ" ಎಂದ, ಅವತ್ತು ತಾಲೀಮು ಮುಗಿಸಿ ಇಬ್ಬರೂ ಮನೆಯ ಕಡೆ ನಡೆಯುವಾಗ. "ನಾನು ತಡೀತೀನಿ. ತಾವು ದಾರು ಅಂತೀನಿ. ಸಾಹೇಬ್ರು ನೀನು ದಾರು ಅನ್ಬಾರ್ದು. ಅವ್ರಿಗೆ ಗೊತ್ತಿತ್ತಲ್ಲ ನಾನು ಯಾರು ಅಂತ. 'ದುರುಗೇಶಾ, ನಿನ್ನ ದನಿ ಕೇಳಿಯೇ ಬಂದೆನಪ್ಪಾ' ಅನ್ಬೇಕು. ಅಲ್ಲಿಂದ ಆಸ್ಪತ್ರೆ ಸಂಧಿಗೆ ಹೋಗ್ಲಿ."

"ಅಜ್ಜ ಒಪ್ಪಲ್ಲ ಅಣ್ಣ. ಕ್ರಮ ಅಲ್ಲ ಅದು."

"ಕ್ರಮ ಮಾಡಿದೋರಿಗೆ ಸಾರಥಿನ ಹೆಸರು ಹಿಡಿದು ಕರಿಯಾ ರಾಜ ಸಿಕ್ಕಿರ್ಲಿಲ್ಲ. ನನಗೆ ಸಿಕ್ಕಿದ್ರು. ನೀನೇ ಕಂಡಿಯಲ್ಲ ಅವತ್ತು, ನಿನ್ನ ಎದುರಿಗೇ ಅಂದ್ರಲ್ಲ?"

ಓಬಳೇಶ ಕಾಲಿನ ಕೆಳಗಿನ ದಾರಿ ನೋಡುತ್ತ ನಡೆದ. ಅಣ್ಣ ಉತ್ತರಕ್ಕೆ ಕಾಯಲಿಲ್ಲ. ಉಸಿರು ಕಟ್ಟುತ್ತಿದ್ದುದರಿಂದ ಅವನು ನಿಂತು, ಟವೆಲಿನಿಂದ ಬಾಯಿ ಒರಸಿಕೊಂಡು, ಮತ್ತೆ ಹೊರಟ.

ಬರೆಯುವುದು ಕಷ್ಟವಾಗಲಿಲ್ಲ, ಅದೇ ಅವನನ್ನು ಕುಗ್ಗಿಸಿತು. ಬಸ್‌ಸ್ಟ್ಯಾಂಡಿನ ಪದಕ್ಕೆ ವಾರಗಟ್ಟಲೆ ತಿಣುಕಿದವನು ಈ ಮಾತನ್ನು ಒಂದೇ ಪಟ್ಟಿಗೆ ಬರೆದ. ಬರೆದದ್ದು ಚೆನ್ನಾಗಿತ್ತು. ಉಳಿದ ನಾಗಣ್ಣನೆಲ್ಲ ಬರಿಯ ಬಿಳಿ ಅಂಗಿ, ಈ ಒಂದು ಮಾತಿನಲ್ಲಿ ಮಾತ್ರ ರಾಜ. ಹಳೆಯ ಆಟಗಳ ರಾಜರೂ ಹೀಗೆಯೇ ಹುಟ್ಟಿದರೇ ಎಂದು ಓಬಳೇಶನಿಗೆ ಅನುಮಾನ ಬಂತು. ಯಾರೋ ಒಬ್ಬ ಯಾವುದೋ ಓಣಿಯಲ್ಲಿ ಮಲಗಿದ್ದವನ ಕೈ ಹಿಡಿದುಕೊಂಡು, ಅವನಿಗೆ ಸಮಾಧಾನವಾಗಲಿ ಎಂದು ಆಡಿದ ಮಾತು. ಅದನ್ನು ಮಲಗಿದ್ದವನು ನಂಬಿದ, ಊರಿಗೆ ಹೇಳಿದ. ಹೇಳಿದವನೂ ಕೇಳಿದವನೂ ಹೋದ ಮೇಲೆ ಮಾತು ಮಾತ್ರ ಉಳಿಯಿತು. ಹಾಗಿದ್ದರೆ ನಾಗಣ್ಣನವರಿಗೆ ಕಡಮೆಯಾಗಿರುವುದು ಯೋಗ್ಯತೆಯಲ್ಲ, ಕಾಲ. ನಿಜ ಗೊತ್ತಿದ್ದವನು ಒಬ್ಬ ಇನ್ನೂ ಬದುಕಿದ್ದ. ಅವನೇ ಆಟದ ಪುಸ್ತಕ ಹಿಡಿದು, ಮಾತು ಮರೆತವರಿಗೆ ಹೇಳಿಕೊಡಲು ಕೂರಬೇಕಾಗಿತ್ತು.

ನಾಗಣ್ಣನ ಪಾತ್ರ ಪ್ರಭುವಿಗೆ ಬಂತು. ಪ್ರಭು ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದವನು. ಎತ್ತರದ ಆಳು. ಮೀಸೆ ಮೂಡಿದಾಗಿನಿಂದ ಮೇಳದ ರಾಜ ಅವನೇ. ಹಾಗಾಗಿ ಹಳೆಯ ಮಾತು ಅವನ ನಾಲಿಗೆಯಲ್ಲಿ ಬೇರುಬಿಟ್ಟಿತ್ತು. ದುರುಗೇಶ ಅಡ್ಡ ಬಂದು ತಾವು ದಾರು ಎಂದ ಕೂಡಲೇ ಪ್ರಭು ಎದೆ ಸೆಟೆಸಿ, "ಭಲಾ, ಹೀಗೆ ಕೇಳುವಂಥ ನೀನು ದಾರು?" ಎಂದುಬಿಡುತ್ತಿದ್ದ.

"ಲೇ, ನಿನಗೆ ಸಿಮೆಂಟ್ ಮೂಟೆ ಎಣಿಸಿ ಎಣಿಸಿ ತಲೆ ಗಟ್ಟಿಯಾಗೈತೆ" ಎನ್ನುತ್ತಿದ್ದ ದುರುಗೇಶ.

"ಏನ್ಮಾಡ್ಲಿ ದುರುಗಣ್ಣ, ಕಾಲು ಹಂಗೆ ಬಿದ್ರೆ ಬಾಯಿ ಹಿಂಗೆ ಬತ್ತೈತೆ."

"ಬಾಯಿ ತಪ್ಪಿದ್ರೆ ಗಾಬರಿ ಆಗ್ಬೇಡ" ಎಂದ ಓಬಳೇಶ. "ನಾನು ಭಾಗವತರ ಪಕ್ಕದಾಗೇ ಇರ್ತೀನಿ. ನನ್ನ ಕಡೆ ನೋಡು. ಹೇಳ್ಕೊಡ್ತೀನಿ."

ಮುಂದಿನ ಸುತ್ತಿನಲ್ಲಿ ಪ್ರಭು ತೊದಲಿ ತಿರುಗಿ ನೋಡಿದ. ಓಬಳೇಶ ಪುಸ್ತಕದಿಂದ ತಲೆ ಎತ್ತಿ "ದುರುಗೇಶಾ" ಎಂದ. ಪ್ರಭು ಅದನ್ನು ಹಿಡಿದುಕೊಂಡು ಮಾತು ಮುಗಿಸಿದ. ದುರುಗೇಶ ಸಾರಥಿಯ ಹೆಜ್ಜೆಯನ್ನು ಮರೆತು, ಸುಮ್ಮನೆ ನಿಂತು ಕೇಳಿದ. ಅಣ್ಣನ ಕಣ್ಣಲ್ಲಿ ನೀರಿತ್ತು. ಈರಬಸಪ್ಪ ತಾಳ ಕೆಳಗಿಟ್ಟು ದೊಡ್ಡಿಯ ಕಡೆ ಮುಖ ಮಾಡಿದರು.

ನಾಗಣ್ಣನವರ ಮಗಳು ದೇವಿಕಾ ಒಂದು ಸಂಜೆ ತಾಲೀಮು ನೋಡಲು ಬಂದಳು. ನಲವತ್ತರ ಹತ್ತಿರದ ಹೆಂಗಸು. ಅಪ್ಪನ ಜಾಗದಲ್ಲಿ ಅವಳು ನಿಲ್ಲುತ್ತಾಳೆಂದು ಮಾತಿತ್ತು. ಕುರ್ಚಿ ತರಿಸಿದರೂ ಕೂರದೆ ಕಂಬಳಿಯ ಮೇಲೆಯೇ ಕೂತಳು. ಕಿರೀಟದ ಮಾತು ಬಂದಾಗ ತಲೆ ಅಲ್ಲಾಡಿಸಿದಳು.

"ಅಪ್ಪ ಒಂದು ದಿನಾನೂ ಟೋಪಿ ಹಾಕ್ಕೊಂಡೋರಲ್ಲ ಅಜ್ಜ. ಕಿರೀಟ ಇಟ್ರೆ ಪೇಪರಿನೋರು ಆಡ್ಕೋತಾರೆ. ಬಿಳಿ ಅಂಗಿನೇ ಇರ್ಲಿ."

"ಕಿರೀಟ ಇಲ್ದಿದ್ರೆ ಕುಣಿಯಾಕೆ ಬರಲ್ಲ ತಾಯಿ" ಎಂದರು ಈರಬಸಪ್ಪ. "ತಲೆ ಮ್ಯಾಲೆ ಭಾರ ಇದ್ರೇನೇ ಕತ್ತು ನೆಟ್ಟಗೆ ನಿಲ್ಲಾದು. ನಿಮ್ಮ ಬಿಳಿ ಅಂಗಿಗೆ ಭಾರ ಎಲ್ಲೈತೆ?"

ಕೊನೆಗೆ ಬಿಳಿ ಅಂಗಿಯ ಮೇಲೆ ಭುಜಕೀರ್ತಿ, ತಲೆಗೆ ಕಿರೀಟ ಎಂದಾಯಿತು. ಯಾರಿಗೂ ಸಮಾಧಾನವಾಗಲಿಲ್ಲ. ದೇವಿಕಾ ಹೊರಡುವಾಗ ದುರುಗೇಶನ ಮುಂದೆ ನಿಂತು, "ನೀವು ಅಪ್ಪನ ಜೊತೆ ಇದ್ದೋರಲ್ವಾ" ಎಂದಳು. ದುರುಗೇಶ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೌದೆಂದ. ಅವಳು ಇನ್ನೇನೋ ಕೇಳುತ್ತಾಳೆಂದು ಅವನು ಕಾದ. ಅವಳ ಫೋನು ಬಡಿದುಕೊಂಡಿತು.

ಪುಣ್ಯತಿಥಿಯ ಕಾರ್ಯಕ್ರಮ ಹೊಳಲ್ಕೆರೆಯ ಹೊರಗಿನ ಬಯಲಿನಲ್ಲಿ. ಇರುಳೆಲ್ಲ ಆಡುವ ಆಟವನ್ನು ಸಂಜೆ ಐದಕ್ಕೆ ಹಿಡಿದು ಊಟದ ಹೊತ್ತಿಗೆ ಮುಗಿಸಬೇಕೆಂದು ಅಪ್ಪಣೆಯಾಗಿತ್ತು. ಬಂದ ಗಣ್ಯರು ದೂರದ ಊರುಗಳಿಗೆ ಮರಳಬೇಕಿತ್ತು. ಹಗಲ ಬೆಳಕಿನಲ್ಲಿ ಬಣ್ಣದ ಮುಖಗಳು ಸಪ್ಪಗೆ ಕಂಡವು. ಕಿರೀಟದ ಕನ್ನಡಿ ಚೂರುಗಳು ಎಲ್ಲಿ ಉದುರಿವೆ, ಬಟ್ಟೆಗೆ ಎಲ್ಲಿ ತೇಪೆ ಹಾಕಿದೆ, ಎಲ್ಲವೂ ಕಾಣುತ್ತಿತ್ತು. ರಂಗದ ಪಕ್ಕದಲ್ಲಿ ನಾಗಣ್ಣನವರ ಎದೆಮಟ್ಟದ ಪ್ರತಿಮೆ. ಬೆಳಗ್ಗೆ ಹಾಕಿದ್ದ ಹಾರಗಳು ಬಾಡಿ ಕೆಳಗೆ ಜಾರಿದ್ದವು. ಪ್ರತಿಮೆ ಅವರನ್ನು ಹೋಲುತ್ತಿರಲಿಲ್ಲ, ಆದರೆ ಯಾರೂ ಹಾಗೆಂದು ಹೇಳಲಿಲ್ಲ.

ದುರುಗೇಶ ಬೆಳಗ್ಗಿನಿಂದ ಒಂದು ಮಾತೂ ಆಡಿರಲಿಲ್ಲ. ಇರುವ ದನಿಯನ್ನು ಕೂಡಿಟ್ಟುಕೊಳ್ಳುತ್ತಿದ್ದ. ಅವನ ಹೆಂಡತಿ ಶಾಂತಿ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಗುಟುಕು ಗುಟುಕಾಗಿ ಕುಡಿಸಿ, ಓಬಳೇಶನನ್ನು ಪಕ್ಕಕ್ಕೆ ಕರೆದಳು.

"ನಾಳೆನೇ ದಾವಣಗೆರೆಗೆ ಕರ್ಕಂಡ್ ಹೋಗಾಣ ಓಬಳೇಶ. ಇವತ್ತು ಆಗ್ಲಿ ಅಂತ ಬಾಯಿ ಮುಚ್ಕಂಡಿದೀನಿ. ಇವತ್ತಾದ್ರೂ ಅವ್ರಿಗೆ ಬೇಕಾದ್ದು ಸರಿಯಾಗಿ ಆಗ್ಲಿ, ನೋಡ್ಕಾ."

"ನೋಡ್ಕೋತೀನಿ ಅತ್ತಿಗೆ" ಎಂದ ಓಬಳೇಶ. ಆಗ ಅವನು ಮನಸಾರೆ ಹಾಗೆಂದಿದ್ದ.

ಸ್ತುತಿ ಮುಗಿಯಿತು. ಮುಖವೀಣೆ ದನಿ ಎಳೆಯಿತು. ಪರದೆಯ ಹಿಂದಿನಿಂದ ಪ್ರಭು ಹೆಜ್ಜೆ ಹಾಕುತ್ತ ಬಂದ. ಬಿಳಿ ಅಂಗಿ, ಪಂಚೆ, ಭುಜಗಳ ಮೇಲೆ ರೆಕ್ಕೆಯಂತೆ ಭುಜಕೀರ್ತಿ, ತಲೆಯ ಮೇಲೆ ಆ ಹಳೆಯ ಕಿರೀಟ. ಮುಂದಿನ ಸಾಲಿನಲ್ಲಿ ಯಾರೋ ಮೊಬೈಲು ಎತ್ತಿದರು. ಹಿಂದಿನಿಂದ ನಗು ಶುರುವಾಗಿ ಮುಂದಕ್ಕೆ ಬಂತು. "ಸಾಹೇಬ್ರಿಗೆ ಕೊಂಬು ಬಂದಾವೆ ಕಣ್ರಲೇ" ಎಂದನೊಬ್ಬ. ಈರಬಸಪ್ಪ ಬಸ್‌ಸ್ಟ್ಯಾಂಡಿನ ಪದವನ್ನು ಎತ್ತಿದರು; ಅದು ಅವರ ಗಂಟಲಿನಲ್ಲೂ ಮೇಲೇಳಲಿಲ್ಲ. ದೇವಿಕಾ ತಲೆ ತಗ್ಗಿಸಿ ಬೆರಳಿನ ಉಂಗುರ ತಿರುಗಿಸುತ್ತಿದ್ದಳು. ಪ್ರಭು ನಗುವಿನ ನಡುವೆ ಹೇಗೋ ಸುತ್ತು ಮುಗಿಸಿ ನಡುರಂಗಕ್ಕೆ ಬಂದ.

ದುರುಗೇಶ ಅಡ್ಡ ಬಂದ. ಕೆಂಪು ಅಂಗಿ, ತಲೆಗೆ ರುಮಾಲು, ಕೈಯಲ್ಲಿ ಕೋಲು. ಮೈಕು ಬಾಯಿಗೆ ತೀರ ಹತ್ತಿರವಿತ್ತು.

"ಸ್ವಾಮೀ, ಈ ಸಭೆಗೆ ದಯಮಾಡಿಸಿದ ತಾವು ದಾರು? ತಮ್ಮ ನಾಮಾಂಕಿತವೇನು?"

ಆ ದನಿ ಕೇಳಿದ್ದೇ ನಗು ನಿಂತಿತು. ಅದು ಹರಿದ ದನಿ, ನೆಲದ ಮೇಲೆ ಎಳೆದುಕೊಂಡು ಬಂದಂಥ ದನಿ. ಒಂದು ಕಾಲದಲ್ಲಿ ಇದೇ ದನಿ ಈ ಊರಿನ ಬೀದಿಗಳಲ್ಲಿ ನಾಗಣ್ಣ ಬರುತ್ತಿದ್ದಾರೆಂದು ಸಾರಿದ್ದು ಕೆಲವರಿಗಾದರೂ ನೆನಪಾಗಿರಬೇಕು. ಮದ್ದಳೆಯವನೂ ಕೈ ತಡೆದ.

ಪ್ರಭುವಿನ ಬಾಯಿ ತೆರೆಯಿತು, ಮಾತು ಬರಲಿಲ್ಲ. ನಗು ಅವನನ್ನು ಕೆಡಿಸಿತ್ತು. ಅವನು ಕಿರೀಟದ ಭಾರ ಹೊತ್ತ ಕತ್ತನ್ನು ನಿಧಾನವಾಗಿ ಭಾಗವತರ ಕಡೆಗೆ, ಅವರ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದ ಓಬಳೇಶನ ಕಡೆಗೆ ತಿರುಗಿಸಿದ. ಕಣ್ಣಿನಲ್ಲೇ ಕೇಳಿದ.

ಓಬಳೇಶ ಪುಸ್ತಕ ನೋಡಬೇಕಾಗಿರಲಿಲ್ಲ. ಹೆಸರು ನಾಲಿಗೆಯ ಮೇಲೇ ಇತ್ತು. ಆಗ ಅವನಿಗೆ ಕಂಡದ್ದು ಕಿರೀಟವಲ್ಲ. ಚಿತ್ರದುರ್ಗದ ಮನೆಯ ವರಾಂಡ, ಎಣ್ಣೆ ಹಚ್ಚಿದ ಕಾಲು, ಫೋನಿನ ಮೇಲೆ ಅಡ್ಡ ಇಟ್ಟ ಕೈ, ಮೇಲೆ ಹೋದ ಹುಬ್ಬು. ಪಕ್ಕದಲ್ಲಿ ಈರಬಸಪ್ಪನವರ ಉಸಿರು ಕೇಳಿಸುತ್ತಿತ್ತು. ಪ್ರಭು ಇನ್ನೂ ನೋಡುತ್ತಿದ್ದ. ಹೇಳಲು ಬೇಕಾದಷ್ಟು ಹೊತ್ತಿತ್ತು. ಆ ಹೊತ್ತು ಕಳೆಯಿತು.

ಪ್ರಭು ಮುಖ ತಿರುಗಿಸಿದ. ಎದೆ ತಾನಾಗಿ ಸೆಟೆಯಿತು, ಕೈ ಮೀಸೆಗೆ ಹೋಯಿತು, ಮತ್ತು ಅವನ ನಾಲಿಗೆಯಲ್ಲಿ ಬೇರುಬಿಟ್ಟಿದ್ದ ಮಾತು ಹೊರಬಂತು.

"ಭಲಾ! ಹೀಗೆ ಕೇಳುವಂಥ ನೀನು ದಾರು?"

ದುರುಗೇಶ ಕೋಲು ಹಿಡಿದು ನಿಂತಿದ್ದ. ಅವನ ತುಟಿ ಮುಂದಿನ ಮಾತಿಗೆ ಸಿದ್ಧವಾಗಿತ್ತು, ಹೆಸರು ಹಿಡಿದು ಕರೆಸಿಕೊಂಡವನು ಹೇಳಬೇಕಾದ ಮಾತಿಗೆ. ಅದು ಹಾಗೆಯೇ ಮುಚ್ಚಿಕೊಂಡಿತು. ಅವನು ಪ್ರಭುವಿನ ಮುಖ ನೋಡಿದ, ಪಕ್ಕದ ಪ್ರತಿಮೆಯ ಕಡೆ ಒಮ್ಮೆ ನೋಡಿದ. ಸಭೆ ಕಾಯುತ್ತಿತ್ತು. ಕೊನೆಗೆ ಕೋಲನ್ನು ಕಂಕುಳಿಗೆ ಸೇರಿಸಿ, ಎರಡೂ ಕೈ ಜೋಡಿಸಿ, ಬಾಗಿದ.

"ನಾನು ಈ ಸಭೆಯ ಸಾರಥಿ, ಸ್ವಾಮೀ."

ಕೊನೆಯ ಅಕ್ಷರಕ್ಕೆ ದನಿ ಉಳಿಯಲಿಲ್ಲ, ಬರಿಯ ಗಾಳಿ ಮೈಕಿನಲ್ಲಿ ಕೇಳಿಸಿತು. ಆಮೇಲೆ ಬಯಲಿನ ತುಂಬ ಚಪ್ಪಾಳೆ. ಈರಬಸಪ್ಪ ತಾಳ ಬಡಿದು ಪದ ಎತ್ತಿದರು. ಈ ಸಲ ಅದು ಎದ್ದಿತು. ಅದೇ ಬಸ್‌ಸ್ಟ್ಯಾಂಡು, ಅದೇ ಗುಣಶೀಲ, ಆದರೆ ಯಾರೂ ನಗಲಿಲ್ಲ. ಪ್ರಭು ಬಿಳಿ ಅಂಗಿಯಲ್ಲೇ ರಾಜನಾಗಿ ಕುಣಿದ. ಆಸ್ಪತ್ರೆಯ ಸಂಧಿಗೆ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. "ನನ್ನ ಸಾರಥಿಯನ್ನು ಉಳಿಸಿಕೊಡಿ" ಎಂದ ಪ್ರಭು ಅಲ್ಲಿಯೂ, ಒಮ್ಮೆ ತಪ್ಪಿದ ದಾರಿಯಲ್ಲೇ ಮುಂದುವರಿದು. ಅದನ್ನು ಯಾರೂ ತಿದ್ದಲಿಲ್ಲ.

ಆಟ ಮುಗಿದಮೇಲೆ ದೇವಿಕಾ ಓಬಳೇಶನ ಬಳಿ ಬಂದಳು. ಅವಳ ಕಣ್ಣು ಕೆಂಪಾಗಿತ್ತು.

"ಆ 'ನೀನು ದಾರು' ಅಂದ್ರಲ್ಲ, ಥೇಟ್ ಅಪ್ಪನೇ" ಎಂದಳು. "ಅವರಿಗೆ ಯಾರ ಹೆಸರೂ ನಿಲ್ತಿರ್ಲಿಲ್ಲ. ನನ್ನೇ ಅತ್ತೆ ಹೆಸರಿಂದ ಕರೀತಿದ್ರು. ನಿಮಗೆ ಹೇಗೆ ಗೊತ್ತಾಯ್ತು ಅದು?"

ತಿಳಿಯದೆ ಆದದ್ದು ಎಂದ ಓಬಳೇಶ.

ಈರಬಸಪ್ಪ ತಾಳಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ತಲೆ ಎತ್ತದೆ, "ಅಲ್ಲಿ ಕಟ್ಕಂತು ನೋಡಪ್ಪ ಆಟ" ಎಂದರು. "ಅಲ್ಲೀವರೆಗೂ ಅದು ಭಾಷಣ. ಅಲ್ಲಿಂದ ಆಟ." ಆಮೇಲೆ ತಾಳದ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತರು. ಪಕ್ಕದಲ್ಲೇ ಇದ್ದವರು ಅವರು. ಪ್ರಭು ತಿರುಗಿ ನೋಡಿದ್ದು ಅವರಿಗೂ ಕಂಡಿತ್ತು. ಅವರು ಅದರ ಮಾತೆತ್ತಲಿಲ್ಲ.

ಬಾಗೂರಿಗೆ ಮರಳುವ ಟೆಂಪೋದಲ್ಲಿ ದುರುಗೇಶ ಪೆಟ್ಟಿಗೆಗೆ ಒರಗಿ ಕೂತಿದ್ದ. ಮುಖದ ಬಣ್ಣ ಪೂರ್ತಿ ಹೋಗಿರಲಿಲ್ಲ. ಕಿವಿಯ ಹಿಂದೆ, ಕುತ್ತಿಗೆಯ ಗಂಟಿನ ಸುತ್ತ ಕೆಂಪು ಉಳಿದಿತ್ತು. ಪ್ರಭು ಅವನ ಕಾಲು ಹಿಡಿದು ತಪ್ಪಾಯಿತು ದುರುಗಣ್ಣ ಎಂದಿದ್ದ. ದುರುಗೇಶ ಅವನ ತಲೆಗೊಂದು ಮೊಟಕಿ ಬಿಟ್ಟಿದ್ದ. ಬಯ್ಯಲು ದನಿ ಇರಲಿಲ್ಲ.

ಸ್ವಲ್ಪ ದೂರ ಹೋದಮೇಲೆ ಅವನು ಓಬಳೇಶನನ್ನು ಹತ್ತಿರ ಕರೆದ. ಓಬಳೇಶ ಅಣ್ಣನ ಬಾಯಿಯ ಹತ್ತಿರ ಕಿವಿ ತಂದ.

"ಸಾಹೇಬ್ರು ಇದ್ದಿದ್ರೆ ಅವನಿಗೆ ಬಯ್ಯೋರು" ಎಂದ ದುರುಗೇಶ, ಗಾಳಿಯಂಥ ದನಿಯಲ್ಲಿ. "ನನ್ನ ಮೈಕಿನ ದುರುಗೇಶನ್ನ ದಾರು ಅಂತೀಯೇನೋ ಅನ್ನೋರು." ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ನೀನು ಹೇಳ್ಕೊಟ್ಟೆ. ಮದ್ದಳೆ ಸದ್ದಿಗೆ ಅವನಿಗೆ ಕೇಳಿಸ್ಲಿಲ್ಲ. ಅಲ್ಲೇನಲೇ?" ಎಂದ.

ಓಬಳೇಶ ಶಾಂತಿಯ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಮುಚ್ಚಳಕ್ಕೆ ನೀರು ಬಗ್ಗಿಸಿ ಕೊಟ್ಟ. ದುರುಗೇಶ ಕುಡಿದ. ತಮ್ಮನ ಭುಜದ ಮೇಲೆ ಕೈ ಹಾಕಿ, ಅದನ್ನು ಅಲ್ಲೇ ಬಿಟ್ಟು, ಕಣ್ಣು ಮುಚ್ಚಿದ.

ಮರುವಾರ ಅವನ ಗಂಟು ಕೊಯ್ದು ತೆಗೆದರು. ಮಾತು ಹೋಯಿತು. ಅದಾದಮೇಲೆ ಅವನು ಹೋಟೆಲಿನ ಬೆಂಚಿನ ಮೇಲೆ ಕೂತಿದ್ದಾಗ ಯಾರಾದರೂ ನಾಗಣ್ಣನವರ ಮಾತೆತ್ತಿದರೆ, ಕೈಯನ್ನು ಕಿವಿಗೆ ಫೋನಿನಂತೆ ಇಟ್ಟು, ಇನ್ನೊಂದು ಕೈಯನ್ನು ತನ್ನ ಎದೆಗೆ ಮುಟ್ಟಿಸಿ ತೋರಿಸುತ್ತಿದ್ದ. ಎಲ್ಲರಿಗೂ ಅರ್ಥವಾಗುತ್ತಿತ್ತು. ಓಬಳೇಶ ಪಕ್ಕದಲ್ಲಿದ್ದರೆ ಅವನ ಕಡೆ ತಿರುಗುತ್ತಿದ್ದ, ಸಾಕ್ಷಿಗೆ. ಓಬಳೇಶ ಹೌದೆಂದು ತಲೆಯಾಡಿಸುತ್ತಿದ್ದ.

ಫೋನಿನಲ್ಲಿ ಸಾಹೇಬರು ನಿಜಕ್ಕೂ ಏನೆಂದರು ಎಂಬುದನ್ನು ಅವನು ಅಣ್ಣನಿಗೆ ಹೇಳಲಿಲ್ಲ. ಪ್ರಭು ತಿರುಗಿ ನೋಡಿದಾಗ ಮದ್ದಳೆ ನಿಂತಿತ್ತು ಎಂಬುದನ್ನೂ, ತಾನು ಬಾಯಿ ತೆರೆಯಲೇ ಇಲ್ಲ ಎಂಬುದನ್ನೂ ಹೇಳಲಿಲ್ಲ.